ನಶ್ಯ ಹೋಗಲಿ, ಡಬ್ಬಿ ಉಳಿಯಲಿ

ಡೊಂಬಿವಲಿ, ಕಲ್ಯಾಣ, ಠಾಣೆಗಳಿಂದ ನಮ್ಮ ಜನ ನಿತ್ಯ ಕೋಟೆ ಪ್ರದೇಶಕ್ಕೆ ಹೋಗಿ ಬರುತ್ತಾರೆ. ಆದರೆ ಅಲ್ಲಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ಮೆಟ್ಟಿಲು ಹತ್ತಿದವರು ವಿರಳ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ತಿರುವುತ್ತ ಮೂರು ದಶಕ ಕಳೆದ ನಾನೂ ಆ ಪೈಕಿಯವನೇ. ಕಳೆದ ಮಳೆಗಾಲದಲ್ಲಿ ಲೋಕಲ್ ಗಾಡಿಗಳು ನಿಂತ ಒಂದು ಮಧ್ಯಾಹ್ನ, ಹೊತ್ತು ಕಳೆಯಲೆಂದಷ್ಟೇ ಒಳಹೊಕ್ಕೆ. ಟಾಟಾ ಸಹೋದರರ ಸಂಗ್ರಹದಿಂದ ಬಂದ ಚೀನಾ-ಜಪಾನಿನ ಕಲಾವಸ್ತುಗಳ ನಡುವೆ ಅಂಗೈಯಲ್ಲಿ ಅಡಗುವಂಥ ಪುಟ್ಟ ಸೀಸೆಗಳು ಕಂಡವು. ಅವು ನಶ್ಯದ ಸೀಸೆಗಳೆಂದು ತಿಳಿದಾಗ ನನಗೆ ನೆನಪಾದದ್ದು ನನ್ನ ತಂದೆಯ ಅಂಗಿಯ ಜೇಬು.

ಐರೋಪ್ಯರು ನಶ್ಯವನ್ನು ಚೀನಾಕ್ಕೆ ಒಯ್ದದ್ದು 17ನೆಯ ಶತಮಾನದಲ್ಲಿ. ಅವರದು ಡಬ್ಬಿ, ಚೀನೀಯರು ಆರಿಸಿಕೊಂಡದ್ದು ಸೀಸೆ. ಔಷಧಿಯನ್ನು ಸಣ್ಣ ಸೀಸೆಗಳಲ್ಲಿಡುವ ರೂಢಿ ಅಲ್ಲಿ ಮೊದಲೇ ಇತ್ತು, ನಶ್ಯವೂ ನೆಗಡಿ-ತಲೆನೋವಿಗೆ ಔಷಧಿಯೆಂದೇ ಬಂತು. ಬಿರಡೆ ಬಿಗಿಯಾಗಿದ್ದರೆ ಪುಡಿಗೆ ತೇವ ತಗಲದು. ಬಿರಡೆಗೆ ಅಂಟಿದಂತೆ ಪುಟ್ಟ ಚಮಚ. 1696ರಲ್ಲಿ ಕಾಂಗ್‌ಶಿ ಚಕ್ರವರ್ತಿ ಬೀಜಿಂಗಿನಲ್ಲಿ ಅರಮನೆಯ ಗಾಜಿನ ಕಾರ್ಖಾನೆಯನ್ನು ಸ್ಥಾಪಿಸಿದ ಬಳಿಕ ಈ ಕಲೆ ಬೆಳೆಯಿತು. ಗಾಜು, ಪಿಂಗಾಣಿ, ಹರಿತಶಿಲೆ, ಹವಳ, ದಂತ ಎಲ್ಲವೂ ಸೀಸೆಗಳಾದವು. 19ನೆಯ ಶತಮಾನದಲ್ಲಿ ಇನ್ನೊಂದು ಸಾಹಸ: ಕಿರುಬೆರಳೂ ಹೋಗದ ಕೊರಳಿನ ಮೂಲಕ ತುದಿ ಬಾಗಿದ ಕುಂಚವನ್ನಿಳಿಸಿ ಗಾಜಿನ ಒಳಮೈಗೆ ಚಿತ್ರ ಬರೆಯುವುದು. ಹೊರಗಿನಿಂದ ನೋಡುವವನಿಗೆ ನೇರವಾಗಿ ಕಾಣಬೇಕಾದರೆ ಅಕ್ಷರವನ್ನು ಒಳಗೆ ತಿರುಗುಮುರುಗಾಗಿಯೇ ಬರೆಯಬೇಕು. ನಮ್ಮ ಕಡತಗಳ ಟಿಪ್ಪಣಿಗಳನ್ನು ನೆನೆದು ನಗು ಬಂತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಕುಸುರಿಯಲ್ಲ, ಬಳಕೆ. ಸೀಸೆಯನ್ನು ಎದುರಿನವನಿಗೆ ನೀಡುವುದು ಒಂದು ಮರ್ಯಾದೆ. ಮಂಗೋಲಿಯಾದಲ್ಲಿ ಇಂದಿಗೂ ಅತಿಥಿಯೂ ಯಜಮಾನನೂ ಬಲಗೈಯಿಂದ ಸೀಸೆಗಳನ್ನು ಪರಸ್ಪರ ನೀಡಿ, ಮೂಸಿ, ಹಿಂದಿರುಗಿಸುತ್ತಾರೆ. ಸೀಸೆ ಬರಿದಾಗಿದ್ದರೂ ಉಪಚಾರಕ್ಕೆ ಕುಂದಿಲ್ಲ.

ಹೊಗೆಸೊಪ್ಪು ಬೆಳೆಯುವ ನಿಪ್ಪಾಣಿ ಸೀಮೆಯಿಂದ ಡೊಂಬಿವಲಿಯ ಚಾಳಿಗೆ ಬಂದ ನನ್ನ ತಂದೆಯವರದೂ ಇದೇ ಉಪಚಾರ. ಊರಿನ ಕಂಚುಗಾರ ಮಾಡಿಕೊಟ್ಟ ಹಿತ್ತಾಳೆಯ ಡಬ್ಬಿ. ಮುಚ್ಚಳದ ಮೇಲೆ ಅವರ ಹೆಸರಿನ ಮೊದಲಕ್ಷರ, ಕನ್ನಡದಲ್ಲಿ. ಬೆಳಗಿನ ಗಾಡಿಯಲ್ಲಿ ಅದನ್ನು ತೆರೆದರೆ ಸುತ್ತಲಿನ ನಾಲ್ಕು ಕೈ ಮುಂದೆ ಬರುತ್ತಿದ್ದವು. ಆ ಅಕ್ಷರ ನೋಡಿ “ಯಾವೂರವರು?” ಎಂದು ಕೇಳಿದವರೊಬ್ಬರು ಮುಂದೆ ನನ್ನ ಮಾವನವರಾದರು. ಇತ್ತ ನಮ್ಮ ಮಕ್ಕಳು ಶಾಲೆಯಲ್ಲಿ ಕಂದುಬಣ್ಣವನ್ನು ಮರಾಠಿಯಲ್ಲಿ ‘ತಪಕಿರಿ’ ಎಂದು ಕಲಿತರು. ತಪಕೀರೆಂದರೆ ನಶ್ಯವೆಂದು ಅವರಿಗೆ ಹೇಳಬೇಕಾಯಿತು.

ನಶ್ಯದ ಪರವಾಗಿ ವಕಾಲತ್ತು ಮಾಡಲು ನಾನು ಹೊರಟಿಲ್ಲ. ಹೊಗೆಸೊಪ್ಪು ಮೂಗಿಗೇರಿದರೂ ಬಾಯಿಗಿಳಿದರೂ ವಿಷವೇ. ಅದನ್ನು ಹಲ್ಲಿಗೆ ತಿಕ್ಕುತ್ತ ಒಸಡು ಕಳೆದುಕೊಂಡ ಹೆಂಗಸರನ್ನು ನಮ್ಮ ಕುಟುಂಬದಲ್ಲೇ ಕಂಡಿದ್ದೇನೆ. 1992ರಲ್ಲಿ ಕೇಂದ್ರ ಸರ್ಕಾರ ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದ್ದು ಸರಿಯಾದ ಕ್ರಮ. ಚಟ ಹೋಗಲಿ. ಆದರೆ ಚಟದ ಜೊತೆಗೆ ಡಬ್ಬಿಯನ್ನೂ ಎಸೆಯಬೇಕಾದ ಕಾರಣ ನನಗೆ ತಿಳಿಯದು.

ಎಸೆದವರಲ್ಲಿ ನಾನೂ ಒಬ್ಬ. 2004ರಲ್ಲಿ ಡೊಂಬಿವಲಿಯಿಂದ ನವಿಮುಂಬಯಿಗೆ ಮನೆ ಬದಲಿಸುವಾಗ ತಂದೆಯವರ ಡಬ್ಬಿಯನ್ನು ಹಳೆಯ ತಂಬಿಗೆ-ತಟ್ಟೆಗಳೊಡನೆ ಗುಜರಿಯವನ ತಕ್ಕಡಿಗೆ ಹಾಕಿದೆ. ತೂಕದ ಲೆಕ್ಕದಲ್ಲಿ ಅದಕ್ಕೆ ದೊರೆತದ್ದು ಚಹಾದ ದುಡ್ಡು. ತಾಯಿ ಏನೂ ಹೇಳಲಿಲ್ಲ. ಆ ರಾತ್ರಿ ಊಟ ಮಾತ್ರ ಮಾಡಲಿಲ್ಲ.

ಈಗ ಕಲ್ಯಾಣ-ಡೊಂಬಿವಲಿಯ ಹಳೆಯ ಚಾಳುಗಳು ಒಂದೊಂದಾಗಿ ಉರುಳಿ ಬಹುಮಹಡಿ ಕಟ್ಟಡಗಳೇಳುತ್ತಿವೆ. ಅಟ್ಟದ ಮೇಲಿನ ಅಡಕೊತ್ತು, ಸುಣ್ಣದ ಡಬ್ಬಿ, ನಶ್ಯದ ಡಬ್ಬಿಗಳು ಗುಜರಿಗೆ ಹೋಗುತ್ತಿವೆ. ಶ್ರೀಮಂತರ ಸಂಗ್ರಹಕ್ಕೆ ವಸ್ತುಸಂಗ್ರಹಾಲಯ ಸಿಕ್ಕಿತು. ನಮ್ಮ ಗುಮಾಸ್ತರ, ಹೋಟೆಲು ಕೆಲಸಗಾರರ ಡಬ್ಬಿಗಳಿಗೆ ಯಾರು ದಿಕ್ಕು? ಬೆಂಗಳೂರಿನಿಂದ ಯಾರೂ ಬಂದು ಒಯ್ಯುವುದಿಲ್ಲ. ನಮ್ಮ ಭಾಗದ ಸಂಘಗಳು ರಾಜ್ಯೋತ್ಸವದ ಹಾರ-ಶಾಲುಗಳ ವೆಚ್ಚದಲ್ಲಿ ಸ್ವಲ್ಪ ಉಳಿಸಿ ಒಂದು ಗಾಜಿನ ಕಪಾಟನ್ನಿಡಲಿ. ಪ್ರತಿ ವಸ್ತುವಿನ ಕೆಳಗೆ ಯಾರದು, ಯಾವ ಊರಿನದು, ಇಲ್ಲಿಗೆ ಎಂದು ಬಂತು ಎಂಬ ಮೂರು ಸಾಲು ಸಾಕು. ಇದು ಅತಿಭಾವುಕತೆಯೆಂದು ಕೆಲವು ಮಿತ್ರರು ಈಗಾಗಲೇ ಆಕ್ಷೇಪಿಸಿದ್ದಾರೆ. ಇರಲಿ. ಆ ಕಪಾಟಿನಲ್ಲಿಡಲು ನನ್ನ ಬಳಿ ಏನೂ ಉಳಿದಿಲ್ಲ; ಅದರ ಗಾಜಿನ ಖರ್ಚನ್ನು ನಾನು ಕೊಡುತ್ತೇನೆ.