ಸ್ಲೈಮ್ ಯಾಕೆ ಹರಿಯುತ್ತದೆ, ಯಾಕೆ ತುಂಡಾಗುತ್ತದೆ?

ಊರಿಗೆ ವಿಡಿಯೋ ಕಾಲ್ ಮಾಡಿದರೆ ಮಕ್ಕಳ ಹತ್ತಿರ ನಮ್ಮ ಮಾತು ಎರಡೇ ನಿಮಿಷಕ್ಕೆ ಮುಗಿದುಹೋಗ್ತದೆ. “ಊಟ ಆಯ್ತಾ? ಸ್ಕೂಲಿಗೆ ಹೋದ್ಯಾ?” ಅಷ್ಟೇ, ಆಮೇಲೆ ಫೋನ್ ಅಮ್ಮನ ಕೈಗೆ. ಮಾತು ಬೆಳೆಯಬೇಕಾದರೆ ಎರಡೂ ಕಡೆ ಕೈಗೆ ಒಂದೇ ಕೆಲಸ ಬೇಕು. ಈ ತಿಂಗಳು ಅದಕ್ಕೆಂದೇ ಸ್ಲೈಮ್ ಆರಿಸಿಕೊಂಡಿದ್ದೇವೆ. ಬಿಕಾಂ ಓದಿದ ನಮಗೆ ವಿಜ್ಞಾನ ಎಸ್ಸೆಸ್ಸೆಲ್ಸಿಗೇ ನಿಂತಿತು. ನಮಗೆ ಅರ್ಥವಾದದ್ದು ಮಕ್ಕಳಿಗೆ ಖಂಡಿತ ಆಗ್ತದೆ.

ಮೊದಲು ಅಂಟು. ಸ್ಲೈಮಿಗೆ ಹಾಕುವ ಅಂಟಿನಲ್ಲಿ ಬಹಳ ಉದ್ದದ ಅಣುಸರಗಳಿರುತ್ತವೆ. ಇವಕ್ಕೆ ಪಾಲಿಮರ್ ಅಂತ ಹೆಸರು. ಮಕ್ಕಳಿಗೆ ಶಾವಿಗೆ ಅಂತ ಹೇಳಿ. ಎಣ್ಣೆ ಹಾಕಿದ ಶಾವಿಗೆ ಒಂದರ ಮೇಲೊಂದು ಜಾರುವ ಹಾಗೆ ಈ ಸರಗಳೂ ಜಾರುತ್ತವೆ, ಅಂಟು ಹರಿಯುತ್ತದೆ. ಅಣುಗಳು ಇಷ್ಟು ಉದ್ದ ಇರಬಹುದು ಅಂತ ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ಅನೇಕ ರಸಾಯನ ವಿಜ್ಞಾನಿಗಳು ನಂಬಲಿಲ್ಲ. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು.

ಇನ್ನು ಬೋರಾಕ್ಸ್. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಇದು. ನೀರಲ್ಲಿ ಕರಗಿಸಿ ಅಂಟಿಗೆ ಬೆರೆಸಿದರೆ, ಶಾವಿಗೆ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕ್ತದೆ. ಗಂಟುಗಳು ಗಟ್ಟಿಯಲ್ಲ, ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತವೆ. ನಿಧಾನಕ್ಕೆ ಎಳೆದರೆ ಅದಕ್ಕೆ ಸಮಯ ಸಿಗ್ತದೆ, ಸ್ಲೈಮ್ ಉದ್ದವಾಗ್ತದೆ. ತಟ್ಟನೆ ಎಳೆದರೆ ಸಮಯ ಸಿಗೋದಿಲ್ಲ, ತುಂಡಾಗ್ತದೆ.

ಇದು ಹೊಸ ಆಟವೂ ಅಲ್ಲ. 1976ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಪುಟ್ಟ ಪ್ಲಾಸ್ಟಿಕ್ ಕಸದ ಡಬ್ಬಿಯಲ್ಲಿ ಹಸಿರು ಸ್ಲೈಮ್ ಮಾರಾಟಕ್ಕೆ ತಂತು. ಅದರಲ್ಲಿದ್ದದ್ದು ಗ್ವಾರ್ ಗಮ್, ಅಂದರೆ ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದ ತೆಗೆದ ಅಂಟು!

ಈಗ ನಮ್ಮ ಮುಖ್ಯ ಮಾತು. ರಜೆಗೆ ಹೋಗುವಾಗ ಮಕ್ಕಳಿಗೆ ಅಂತ ಸ್ಲೈಮ್ ಡಬ್ಬಿ ಬ್ಯಾಗಿಗೆ ಹಾಕಿಕೊಳ್ಳುತ್ತೇವೆ. ಬೋರಾಕ್ಸ್ ಚರ್ಮ, ಕಣ್ಣು ಉರಿಸುತ್ತದೆ. ಹೊಟ್ಟೆಗೆ ಹೋದರೆ ಅಪಾಯ. ಅಂಟಂಟಾದ ಆಟಿಕೆಯಿಂದ ಹೊರಬರುವ ಬೋರಾನ್, ಕಿಲೋಗೆ 300 ಮಿಲಿಗ್ರಾಂ ಮೀರಬಾರದು ಅಂತ ಯುರೋಪಿನಲ್ಲಿ ನಿಯಮವೇ ಮಾಡಿದ್ದರು. ಆದ್ದರಿಂದ ಲೇಬಲ್ ಇಲ್ಲದ ಅಗ್ಗದ ಡಬ್ಬಿ ಬೇಡ. ಬಾಯಿಗೆ ಕೈ ಹಾಕುವ ವಯಸ್ಸಿನ ಮಗುವಿದ್ದರೆ ಯಾವ ಡಬ್ಬಿಯೂ ಬೇಡ. ಊರಲ್ಲಿ ಅಂಗಡಿಯಿಂದ ಬಿಳಿಗಾರ ತಂದು ಮಕ್ಕಳೇ ಕಲಸೋದಂತೂ ಬೇಡವೇ ಬೇಡ.

ಇದರ ಬದಲು ಗೋಬಿ ಮಂಚೂರಿಗೆ ಹಾಕುವ ಕಾರ್ನ್‌ಫ್ಲೋರ್ ತಗೊಳ್ಳಿ. ಎರಡು ಲೋಟ ಹಿಟ್ಟಿಗೆ ಸುಮಾರು ಒಂದು ಲೋಟ ತಣ್ಣೀರು, ಸ್ವಲ್ಪಸ್ವಲ್ಪವೇ ಹಾಕಿ ಕಲಸಿ. ಬೆರಳು ಮೆಲ್ಲಗೆ ಇಳಿಸಿದರೆ ಮುಳುಗ್ತದೆ, ಗುದ್ದಿದರೆ ಗಟ್ಟಿ! ಹಿಟ್ಟಿನ ಕಣ ತಣ್ಣೀರಲ್ಲಿ ಕರಗೋದಿಲ್ಲ, ತೇಲಾಡ್ತಾ ಇರ್ತದೆ. ಮೆಲ್ಲಗೆ ಸರಿದರೆ ಕಣಗಳು ದಾರಿ ಬಿಡ್ತವೆ. ಗುದ್ದಿದರೆ ಒಂದಕ್ಕೊಂದು ತಾಗಿ ಸಿಕ್ಕಿಹಾಕಿಕೊಳ್ತವೆ. ಮೆಜೆಸ್ಟಿಕ್‌ನಲ್ಲಿ ಬಸ್ ಬಾಗಿಲಿಗೆ ಎಲ್ಲರೂ ಒಟ್ಟಿಗೆ ನುಗ್ಗಿದ ಹಾಗೆ.

ಅಂದರೆ ಇವೆರಡೂ ಗುಣದಲ್ಲಿ ಬೇರೆ. ಸ್ಲೈಮಿನ ಆಟ ಎಳೆಗಳದ್ದು, ಹಿಟ್ಟಿನ ಆಟ ಕಣಗಳದ್ದು. ನೀರು, ಎಣ್ಣೆಗಳನ್ನು ಜೋರಾಗಿ ಕಲಕಿದರೂ ಅವುಗಳ ಮಂದತನ ಬದಲಾಗದು. ಅಂಥವಕ್ಕೆ ನ್ಯೂಟನ್ ದ್ರವ ಅಂತಾರೆ. ನಮ್ಮ ಇವೆರಡು ಆ ಸಾಲಿಗೆ ಸೇರೋದಿಲ್ಲ.

ರೂಮಲ್ಲಿ ಮಾಡುವವರಿಗೆ ಒಂದು ಮಾತು: ಆಟ ಮುಗಿದ ಮೇಲೆ ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ತದೆ. ಒಣಗಿಸಿ ಕಸಕ್ಕೆ ಹಾಕಿ.

ಈ ರಜೆ ದಿನ ನೀವು ಇಲ್ಲಿ ಒಂದು ಬಟ್ಟಲು, ಮಕ್ಕಳು ಅಲ್ಲಿ ಒಂದು ಬಟ್ಟಲು ಕಲಸಿ. ಉತ್ತರ ನೀವೇ ಹೇಳಿಬಿಡಬೇಡಿ. “ಗುದ್ದಿದಾಗ ಯಾಕೆ ಗಟ್ಟಿಯಾಯ್ತು?” ಅಂತ ಕೇಳಿ ಸುಮ್ಮನಿರಿ. ಅವರು ಯೋಚನೆ ಮಾಡಲಿ. ತಪ್ಪು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳಿ.