ಕೊರಳಲ್ಲಿ ಸಂಘದ ಕಾರ್ಡು ಇತ್ತು, ಹೊಡೆತ ತಪ್ಪಲಿಲ್ಲ



ಇದು ಉದ್ದ ಪೋಸ್ಟ್. ಆದ್ರೂ ಪೂರ್ತಿ ಓದ್ರಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಪ್ಲಾಟು, ಹೊಲ, ಬಾಡಿಗಿ ಮನಿ ತೋರಿಸಿ ಹೊಟ್ಟಿ ಹೊರಕೊಳ್ಳೋ ನಮ್ಮ ಹುಡುಗರಂತೂ ಓದಲೇಬೇಕು.

ಹೋದ ವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಕೇರಿಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಸರ್ಕಾರಿ ದವಾಖಾನ್ಯಾಗ ಅದೀನಿ. ಅವ್ವಗ ಹೇಳಬ್ಯಾಡ" ಅಂದ. ಹೋಗಿ ನೋಡಿದ್ರೆ ತುಟಿ ಒಡೆದಿತ್ತು, ಬಲಗೈ ಬಾತಿತ್ತು. ಕೊರಳಲ್ಲಿ ಏಜೆಂಟರ ಸಂಘದ ಐಡಿ ಕಾರ್ಡು ಇನ್ನೂ ನೇತಾಡ್ತಿತ್ತು.

ಆಗಿದ್ದಿಷ್ಟು. ಆರು ತಿಂಗಳ ಹಿಂದೆ ಒಂದು ಲೇಔಟಿನಲ್ಲಿ ಪ್ಲಾಟು ತೋರಿಸಿ ಒಂದು ಪಾರ್ಟಿಯಿಂದ ಸಂಚಕಾರ ಕೊಡಿಸಿದ್ದ. ರೊಕ್ಕ ಹೋಗಿದ್ದು ಲೇಔಟ್ ಮಾಲಕನ ಕೈಗೆ. ಆ ಪುಣ್ಯಾತ್ಮ ಅದೇ ಪ್ಲಾಟನ್ನ ಇನ್ನೊಬ್ಬರಿಗೂ ಬರೆದುಕೊಟ್ಟಿದ್ದ. ವಿಷಯ ಗೊತ್ತಾದಾಗ ರೊಕ್ಕ ಕೊಟ್ಟವರು ಮಾಲಕನ ಬಾಗಿಲಿಗೆ ಹೋಗಲಿಲ್ಲ. ಹುಡುಗನಿಗೆ ಫೋನ್ ಮಾಡಿ, "ನಮ್ಮ ಬೀಗರಿಗೆ ಒಂದು ಪ್ಲಾಟ್ ಬೇಕಾಗೇತಿ, ತೋರಸ್ ಬಾ" ಅಂತ ಸಂಜೆ ಹೊತ್ತು ಕರೆಸಿಕೊಂಡರು. ಐದು ಮಂದಿ ಸೇರಿ ಹೊಡೆದರು. ಜಾತಿ ಹೆಸರು ಹಿಡಿದು ಬೈದರು. ಸುತ್ತ ಬರೀ ಗೋವಿನಜೋಳದ ಹೊಲ, ಒಂದು ನರಪಿಳ್ಳೆ ಇರಲಿಲ್ಲ. ಮಾಲಕನ ಫೋನ್ ಸ್ವಿಚ್ ಆಫ್.

ಮರುದಿನ ಸಂಘದ ಮುಖಂಡರ ಹತ್ತಿರ ಹೋದೆವು. ವರ್ಷಕ್ಕೆ 1,200 ರೂಪಾಯಿಯಂತೆ ನಾಲ್ಕು ವರ್ಷದಿಂದ ವಂತಿಗೆ ಕೊಟ್ಟಾನ ಈ ಹುಡುಗ. ಬದಲಿಗೆ ಸಿಕ್ಕಿದ್ದು ಒಂದು ಕಾರ್ಡು, ಗಾಡಿಗೆ ಅಂಟಿಸೋ ಸ್ಟಿಕ್ಕರು, ಹೊಸ ವರ್ಷದ ಕ್ಯಾಲೆಂಡರು. ಅಲ್ಲಿ ಚಹಾ ತರಿಸಿದರು. ಅವರಿಗೆ ಗಾಜಿನ ಲೋಟ, ನಮಗೆ ಪೇಪರ್ ಕಪ್ಪು. ಅದಿರಲಿ ಬಿಡ್ರಿ. ಮುಖಂಡರು ಹೇಳಿದ ಮಾತು ಕೇಳ್ರಿ:

"ತಮ್ಮಾ, ಕೇಸು ಗೀಸು ಅಂದ್ರ ಎಲ್ಲಾರ ಧಂದೇನೂ ಹಾಳಾಕ್ಕೈತಿ. ಮಾಲಕ್ರು ನಮ್ಮ ಸಂಘದ ಗೌರವಾಧ್ಯಕ್ಷರು. ಅವರ ಹೆಸರು ಹೊರಗ ಬರಬಾರ್ದು. ಐದು ಸಾವಿರ ಕೊಡಿಸ್ತೀವಿ, ಔಷಧಕ್ಕ ಇಟ್ಕೋ."

ಅವತ್ತೇ ಸಂಜೆ ಸಂಘದ ವಾಟ್ಸಾಪ್ ಗ್ರೂಪಿನಿಂದ ಹುಡುಗನನ್ನ ತೆಗೆದುಹಾಕಿದರು. ಹೊಡೆದವರ ಮೇಲೆ ಕ್ರಮ ಇಲ್ಲ, ಮೋಸ ಮಾಡಿದವನಿಗೆ ನೋಟೀಸಿಲ್ಲ. ಹೊರಗೆ ಹೋದವನು ಏಟು ತಿಂದವನು.

ಯಾವ ತಾಲೂಕು, ಯಾವ ಸಂಘ ಅಂತ ಕಾಮೆಂಟಿನಲ್ಲಿ ಕೇಳಬ್ಯಾಡ್ರಿ. ಹುಡುಗ ದೂರು ಕೊಡೋ ಮುಂಚೆ ನಾನು ಹೆಸರು ಬಯಲು ಮಾಡಿದ್ರೆ ಅದರ ಭಾರ ಬೀಳೋದು ಅವನ ಮೇಲೆ.

ಈಗ ನನ್ನ ಕಥೆಯನ್ನೂ ಹೇಳಬೇಕು. ನಾನೂ ನಾಲ್ಕು ವರ್ಷ ಈ ಧಂದೆ ಮಾಡಿದವನು. ಡಿಗ್ರಿ ಮುಗಿಸಿ ನೌಕರಿ ಸಿಗದೆ, ಒಂದು ಹಳೇ ಬೈಕು, ಒಂದು ಫೋನು ಇಟ್ಕೊಂಡು ಇಳಿದೆ. ಬಂಡವಾಳ ಬೇಡದ ಕಸುಬು ಅಂತ ನಮ್ಮ ಹುಡುಗರು ಇದಕ್ಕೆ ಬರ್ತಾರೆ. ಆದ್ರೆ ಬಂಡವಾಳ ಇದ್ದೇ ಐತಿ: ನಮ್ಮ ಮೈ, ನಮ್ಮ ಮಾನ.

ಬಾಡಿಗಿ ಮನಿ ಮಾಲಕರು ಮೊದಲು ಹೇಳೋ ಮಾತು ಬಾಡಿಗಿ ಎಷ್ಟು ಅಂತಲ್ಲ. "ಯಾವ ಮಂದಿ ಅಂತ ಕೇಳ್ಕೊಂಡು ಕರ್ಕೊಂಡು ಬಾ" ಅಂತ. ಆ ಪ್ರಶ್ನೆಯನ್ನ ನನ್ನ ಬಾಯಿಂದ ಕೇಳಿಸ್ತಿದ್ರು. ವರ್ಗವಾಗಿ ಬಂದ ಒಬ್ಬ ಶಿಕ್ಷಕಿ, ನಮ್ಮ ಜನಾನೇ, ಮೂರು ಓಣಿ ನನ್ನ ಜೋಡಿ ತಿರುಗಿದರು. ಖಾಲಿ ಮನಿ ನನ್ನ ಕಣ್ಣ ಮುಂದೆ ಇದ್ದರೂ "ಈಗಷ್ಟೇ ಹೋತ್ರಿ ಅಕ್ಕಾರ" ಅಂತ ಸುಳ್ಳು ಹೇಳಿದೆ. ಅವರಿಗೆ ಗೊತ್ತಾಗಿತ್ತು. ನನ್ನ ಮುಖ ನೋಡಿ ಸುಮ್ಮನೆ ನಕ್ಕರು. ಆ ನಗೆ ಇವತ್ತಿಗೂ ನನ್ನ ಬಿಟ್ಟಿಲ್ಲ. ಸಂಘದ ಒಂದು ಸಭೆಯಲ್ಲಿ ನಾನು ಎದ್ದು ನಿಂತು, "ಜಾತಿ ಕೇಳೋ ಮಾಲಕರ ಮನಿ ನಾವು ಯಾರೂ ತೋರಿಸಬಾರ್ದು ಅಂತ ಠರಾವು ಮಾಡೋಣ" ಅಂದೆ. ಎಲ್ಲರೂ ನಕ್ಕರು. ಮುಂದಿನ ವಿಷಯ ವಾರ್ಷಿಕೋತ್ಸವದ ಊಟ.

ಇನ್ನು ಹೊಲದ ವ್ಯವಹಾರ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನ ತೆಗೆದರು. ರೈತನಲ್ಲದವನೂ ಹೊಲ ಕೊಳ್ಳಬಹುದು ಅಂತಾಯ್ತು. ಶಿಗ್ಗಾವಿ, ಬಂಕಾಪುರ ಕಡೆ ಹೆದ್ದಾರಿ 48ರ ಗುಂಟ ಕಾರು ನಿಲ್ಲಿಸಿ "ಇಲ್ಲಿ ಎಕರೆಗೆ ಏನೈತಿ?" ಅಂತ ಕೇಳೋರು ಬಂದರು. ಅವರಿಗೆ ಬೇಕಾಗಿದ್ದು ಕೇರಿಯ ಒಳಗೆ ನಡಕೊಂಡು ಹೋಗಬಲ್ಲ ಒಬ್ಬ ಹುಡುಗ. ಸರ್ಕಾರದಿಂದ ನಮ್ಮ ಹಿರಿಯರಿಗೆ ಮಂಜೂರಾದ ಎರಡೆಕರೆ, ಮೂರೆಕರೆ ಯಾರ ಹೆಸರಿಗೆ ಐತಿ, ಯಾರ ಮನಿಯೊಳಗ ಮದುವಿ ಐತಿ, ಯಾರಿಗೆ ಸಾಲ ಐತಿ, ಇದೆಲ್ಲ ನಮ್ಮ ಹುಡುಗನಿಗೆ ಗೊತ್ತು. ಉತಾರ ತಗಸೋಕೆ ನಮ್ಮವ, ಮುದುಕಿಯ ಹೆಬ್ಬೆಟ್ಟು ಒತ್ತಿಸೋಕೆ ನಮ್ಮವ. ಲಾಭಕ್ಕೆ ಮಾತ್ರ ಅವರು.

ಆ ಭೂಮಿಯ ಮೇಲೆ 1978ರ ಪಿಟಿಸಿಎಲ್ ಕಾಯ್ದೆ ಐತಿ. ಸರ್ಕಾರದ ಮುಂಗಡ ಅನುಮತಿ ಇಲ್ಲದೆ ಅದನ್ನ ಮಾರಂಗಿಲ್ಲ, ಕೊಳ್ಳಂಗಿಲ್ಲ. ಮಾರಿದ್ರೂ ಆ ಖರೀದಿ ನಿಲ್ಲೋದಿಲ್ಲ, ಉಪವಿಭಾಗಾಧಿಕಾರಿ ಅದನ್ನ ವಾಪಸ್ ಕೊಡಿಸಬೇಕು. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಬಹಳ ವರ್ಷ ತಡಮಾಡಿ ಬಂದ ಅರ್ಜಿ ನಡೆಯೋದಿಲ್ಲ ಅಂದಿತು. ಅದರ ಹೆಸರಿನಲ್ಲಿ ಎಷ್ಟೋ ಅರ್ಜಿ ಬಿದ್ದುಹೋದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಕೂತು, 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ತರಿಸಿದರು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಕಾಯ್ದೆಯನ್ನ ಎರಡು ಪರ್ಸೆಂಟ್ ಆಸೆಗೆ ಮುರಿಯೋ ಕೈ ನಮ್ಮದೇ ಆಗ್ತಿದ್ರೆ? ಕೇಸು ಬಿದ್ದಾಗ ಕೊಂಡ ಸಾವ್ಕಾರ "ನಿಮ್ಮ ಜಾತಿಯವನೇ ಕೊಡಿಸ್ಯಾನ" ಅಂತಾನೆ. ಕೇರಿಯವರೂ ಅವನನ್ನೇ ಹಿಡಿದು ಕೇಳ್ತಾರೆ. ಎರಡೂ ಕಡೆಯಿಂದ ಹೊಡೆತ ಒಬ್ಬನಿಗೇ.

ನಾನು ಹೇಳಬೇಕಾಗಿರೋದು ಇದೇ. ದಲಿತ ಏಜೆಂಟನನ್ನ ಮುಂದೆ ನಿಲ್ಲಿಸೋದೂ ಅವನ ಜಾತಿ ನೋಡೇ, ಏಟು ಬಿದ್ದಾಗ ಕೈಬಿಡೋದೂ ಅವನ ಜಾತಿ ನೋಡೇ. ಮತ್ತು ಇವರು ಏಜೆಂಟರ ಸಂಘ ಅಂತ ಕರೆಯೋದು ನಿಜವಾಗಿ ಲೇಔಟ್ ಮಾಲಕರ ಸಂಘ. ವಂತಿಗೆ ನಮ್ಮದು, ಕುರ್ಚಿ ಅವರದು.

ಇದು ಹೊಸದೇನಲ್ಲ. ಬಾಬಾಸಾಹೇಬರ ಕಾಲದ ಮುಂಬೈ ಬಟ್ಟೆ ಗಿರಣಿಗಳನ್ನ ನೆನೆಸ್ಕೊಳ್ರಿ. ಪಗಾರ ಜಾಸ್ತಿ ಇದ್ದ ನೇಯ್ಗೆ ಖಾತೆಗೆ ನಮ್ಮವರಿಗೆ ಪ್ರವೇಶ ಇರಲಿಲ್ಲ. ಎಳೆ ಕಡಿದಾಗ ಎಂಜಲು ಹಚ್ಚಿ ಜೋಡಿಸಬೇಕಾಗ್ತಿತ್ತು, ಮುಟ್ಟಬಾರದವರ ಎಂಜಲು ತಾಗಿದ್ರೆ ಮೈಲಿಗೆ ಅನ್ನೋದು ನೆಪ. ಕಾರ್ಮಿಕರ ಏಕತೆ ಅಂತ ಭಾಷಣ ಮಾಡ್ತಿದ್ದ ಯೂನಿಯನ್ನುಗಳು ಇದನ್ನ ತಾವಾಗಿ ಎತ್ತಲಿಲ್ಲ. ಬಾಬಾಸಾಹೇಬರು ಪಟ್ಟು ಹಿಡಿದು ಕೇಳಬೇಕಾಯ್ತು. 1938ರ ಫೆಬ್ರವರಿಯಲ್ಲಿ ಮನ್ಮಾಡದಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಅವರು, ನಮ್ಮ ದುಡಿಯುವವರಿಗೆ ವೈರಿಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂತ ಬಿಡಿಸಿ ಹೇಳಿದರು. ಒಬ್ಬ ವೈರಿಯನ್ನ ಮಾತ್ರ ಕಾಣೋ ಸಂಘ ನಮ್ಮನ್ನ ಕಾಯೋದಿಲ್ಲ. ಇಬ್ಬರನ್ನೂ ಗೌರವಾಧ್ಯಕ್ಷರನ್ನಾಗಿ ಕೂರಿಸಿಕೊಂಡ ಸಂಘ ಏನು ಕಾಯ್ತದ?

ಕೆಲವು ಸಂಗಾತಿಗಳು ನನ್ನ ಕೇಳಿದರು: "ದಲ್ಲಾಳಿಗಳ ಪರವಾಗಿ ಪೋಸ್ಟ್ ಹಾಕ್ತೀಯಾ? ನಮ್ಮ ಹೋರಾಟ ಭೂಮಿಗಾಗಿ, ಭೂಮಿ ಮಾರೋರ ಪರವಾಗಿ ಅಲ್ಲ." ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳ್ತೀನಿ.

ಸವಣೂರನ್ನ ನೆನಪು ಮಾಡ್ಕೊಳ್ರಿ. 2010ರ ಜುಲೈನಲ್ಲಿ ಭಂಗಿ ಸಮುದಾಯದ ನಮ್ಮ ಅಣ್ಣತಮ್ಮಂದಿರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ತಲೆಮಾರುಗಳಿಂದ ವಾಸವಿದ್ದ ಜಾಗದಿಂದ ಅವರನ್ನ ಎಬ್ಬಿಸಿ ಅಂಗಡಿ ಸಂಕೀರ್ಣ ಕಟ್ಟೋ ತಯಾರಿ ನಡೆದಿತ್ತು. ಊರನ್ನ ತೊಳೆದ ಜನಕ್ಕೆ ಊರಲ್ಲಿ ಒಂದು ಗುಂಟೆ ಇರಲಿಲ್ಲ. ಇಡೀ ನಾಡು ತಲೆ ತಗ್ಗಿಸಿತು. ಅವತ್ತು ನಾನು ಕಲಿತದ್ದು, ನಮ್ಮ ಊರುಗಳಲ್ಲಿ ಜಾಗದ ಬೆಲೆ ಏರಿದಾಗ ಮೊದಲು ಎಬ್ಬಿಸೋದು ನಮ್ಮನ್ನ. ಆ ಎಬ್ಬಿಸೋ ಕೆಲಸಕ್ಕೆ ಈಗ ನಮ್ಮ ಹುಡುಗರನ್ನೇ ಕೂಲಿಗೆ ಹಿಡಿದಾರ. ಅವರನ್ನ ಬೈದು ದೂರ ಇಟ್ರೆ ಅವರು ಮಾಲಕನ ಕೈಯಲ್ಲೇ ಉಳೀತಾರೆ. ನಮ್ಮ ಜೋಡಿ ಕರ್ಕೊಂಡ್ರೆ, ಯಾವ ಕೇರಿಯ ಯಾವ ಸರ್ವೆ ನಂಬರಿನ ಮೇಲೆ ಯಾರ ಕಣ್ಣು ಬಿದ್ದೈತಿ ಅನ್ನೋದು ನಮಗೆ ಮೊದಲೇ ಗೊತ್ತಾಗ್ತದ. ಮಂಜೂರಿ ಭೂಮಿಯ ಕಾವಲುಗಾರರಾಗಬಲ್ಲವರು ಈ ಹುಡುಗರೇ.

ಕಾನೂನು ಏನು ಹೇಳ್ತದ ಅಂತಾನೂ ತಿಳ್ಕೊಳ್ರಿ.

2016ರ ರೇರಾ ಕಾಯ್ದೆ ಪ್ರಕಾರ, ನೋಂದಣಿಯಾಗಬೇಕಾದ ಲೇಔಟಿನ ಪ್ಲಾಟು ಮಾರೋ ಏಜೆಂಟನೂ ನೋಂದಣಿ ಮಾಡಿಸಬೇಕು. ಕರ್ನಾಟಕದ ನಿಯಮದಲ್ಲಿ ಒಬ್ಬ ವ್ಯಕ್ತಿಗೆ ಶುಲ್ಕ 25,000 ರೂಪಾಯಿ. ನಮ್ಮ ಹುಡುಗ ಎಲ್ಲಿಂದ ತರ್ತಾನೆ? ಅದಕ್ಕೇ ಮಾಲಕನ ಹೆಸರಿನಡಿ, ಕಾಗದ ಇಲ್ಲದೆ, ಬಾಯಿಮಾತಿನ ಕಮಿಷನ್ ಮೇಲೆ ದುಡೀತಾನೆ. ಏಜೆಂಟ ಏನು ಮಾಡಬೇಕು, ಏನು ಮಾಡಬಾರದು ಅಂತ ಕಾಯ್ದೆಯಲ್ಲಿ ಐತಿ. ಅವನ ಕಮಿಷನ್ ಮುಳುಗಿದ್ರೆ, ಅವನ ಮೇಲೆ ಕೈ ಮಾಡಿದ್ರೆ ಏನು ಅನ್ನೋದಕ್ಕೆ ಒಂದು ಸಾಲಿಲ್ಲ. ಹೊಲದ ಮಾರಾಟ, ಬಾಡಿಗಿ ಮನಿ ಆ ಕಾಯ್ದೆಯ ಲೆಕ್ಕಕ್ಕೇ ಬರೋದಿಲ್ಲ.

ಉಳಿದದ್ದು ದೌರ್ಜನ್ಯ ತಡೆ ಕಾಯ್ದೆ, 1989. ಜಾತಿ ಹಿಡಿದು ಬೈದದ್ದು ಸಾರ್ವಜನಿಕರ ಕಣ್ಣಿಗೆ ಬೀಳೋ ಕಡೆ ಆಗಿರಬೇಕು ಅಂತ ಅದರಲ್ಲಿ ಐತಿ. 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನ ಮತ್ತೆ ಒತ್ತಿ ಹೇಳಿತು. ಅದೂ ಜಾಗದ ತಂಟೆಯ ಕೇಸೇ. ಈಗ ಯೋಚನೆ ಮಾಡ್ರಿ, ಸಂಜೆ ಹೊತ್ತು ಒಬ್ಬನೇ ಖಾಲಿ ಲೇಔಟಿಗೆ ಹೋದವನಿಗೆ ಸಾಕ್ಷಿ ಎಲ್ಲಿಂದ ಬರಬೇಕು? ಹೊಡೆಯೋರಿಗೆ ಇದು ಚೆನ್ನಾಗಿ ಗೊತ್ತು. ಆದ್ರೆ ದಾರಿ ಮುಚ್ಚಿಲ್ಲ. ಎದುರಿನವ ಪರಿಶಿಷ್ಟ ಜಾತಿಯವ ಅಂತ ಗೊತ್ತಿದ್ದೂ ಹೊಡೆದ್ರೆ, ಜೀವಬೆದರಿಕೆ ಹಾಕಿದ್ರೆ, ಅದೇ ಕಾಯ್ದೆಯ 3(2)(ವಿಎ) ಕಲಮು ಬರ್ತದ, ಅದಕ್ಕೆ ಸಾರ್ವಜನಿಕ ಸ್ಥಳದ ಷರತ್ತಿಲ್ಲ. ದೂರು ಕೊಟ್ಟಿದ್ದಕ್ಕೆ ಕೆಲಸ ಕೊಡದೆ ಬಹಿಷ್ಕಾರ ಹಾಕಿದ್ರೆ, ಆರ್ಥಿಕ ಬಹಿಷ್ಕಾರಾನೂ ಅಪರಾಧ. ತನಿಖೆ ಮಾಡಬೇಕಾದವರು ಡಿವೈಎಸ್ಪಿ ದರ್ಜೆಯ ಅಧಿಕಾರಿ. ಠಾಣೆಯಲ್ಲಿ "ನಾಳೆ ಬಾ" ಅಂದ್ರೆ 14566ಕ್ಕೆ ಫೋನ್ ಮಾಡ್ರಿ.

ನಮ್ಮ ನಾಲ್ಕೂ ತಾಲೂಕಿನ ಹುಡುಗರಿಗೆ ನನ್ನ ಮಾತು:

1. ಒಬ್ಬರೇ ಹೋಗಬ್ಯಾಡ್ರಿ. ಕತ್ತಲಾದ ಮೇಲೆ ಯಾರೇ ಕರೆದ್ರೂ ಪ್ಲಾಟಿಗೆ ಹೋಗಬ್ಯಾಡ್ರಿ. ಹೋಗೋ ಮುಂಚೆ ಪಾರ್ಟಿಯ ಹೆಸರು, ಫೋನ್ ನಂಬರು, ಲೊಕೇಶನ್ ಒಬ್ಬ ಗೆಳೆಯನಿಗೆ ಕಳಿಸ್ರಿ. ಈ ಕೆಲಸದಲ್ಲಿರೋ ನಮ್ಮ ಅಕ್ಕತಂಗಿಯರಿಗಂತೂ ಇದು ಇನ್ನೂ ಮುಖ್ಯ.

2. ಸಂಚಕಾರದ ರೊಕ್ಕ ನಿಮ್ಮ ಕೈಯಲ್ಲಿ ಹಾಯಿಸಬ್ಯಾಡ್ರಿ. ಕೊಡೋರ ಖಾತೆಯಿಂದ ಮಾಲಕನ ಖಾತೆಗೇ ಹೋಗಲಿ. ಕಮಿಷನ್ ಎಷ್ಟು, ಯಾವಾಗ ಅನ್ನೋದನ್ನ ಕಾಗದದ ಮೇಲೆ ಬರೆಸ್ಕೊಳ್ರಿ.

3. ಮಂಜೂರಿ ಭೂಮಿ ಅಂತ ಗೊತ್ತಾದ ತಕ್ಷಣ ಆ ವ್ಯವಹಾರ ಬಿಡ್ರಿ, ಕೇರಿಗೆ ಸುದ್ದಿ ಮುಟ್ಟಿಸ್ರಿ. ಇದರಲ್ಲಿ ರಾಜಿ ಇಲ್ಲ. ನಮ್ಮ ಹೊಟ್ಟೆಪಾಡಿಗೆ ನಮ್ಮ ಅವ್ವನ ಹೊಲ ಮಾರಂಗಿಲ್ಲ.

4. ಈಗಿರೋ ಸಂಘದ ಲೆಕ್ಕ ಕೇಳ್ರಿ. ನೋಂದಣಿ ಆಗಿದ್ರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೀಬೇಕು, ಲೆಕ್ಕ ಒಪ್ಪಿಸಬೇಕು. ನೋಂದಣೀನೇ ಆಗಿಲ್ಲ ಅಂದ್ರೆ ಅದು ಸಂಘ ಅಲ್ಲ, ವಸೂಲಿ. ಉತ್ತರ ಸಿಗದಿದ್ರೆ ನಮ್ಮದೇ ಕಟ್ಟೋಣ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸಾಕು. ಲೇಔಟ್ ಮಾಲಕರಿಗೆ ಅದರಲ್ಲಿ ಸದಸ್ಯತ್ವ ಇಲ್ಲ, ಗೌರವಾಧ್ಯಕ್ಷ ಅನ್ನೋ ಕುರ್ಚಿ ಇಲ್ಲ, ಜಾತಿ ಕೇಳೋ ಮನಿ ತೋರಿಸೋ ಮಾತೇ ಇಲ್ಲ. ಬೇರೆ ಜಾತಿಯ ಬಡ ಏಜೆಂಟರೂ ಬರಲಿ, ಅವರಿಗೂ ಕಮಿಷನ್ ಮುಳುಗೇತಿ, ಅವರಿಗೂ ಏಟು ಬಿದ್ದಾವು. ಈ ಷರತ್ತು ಒಪ್ಪಿ ಬರೋರಿಗೆಲ್ಲ ಜಾಗ ಐತಿ.

ಇನ್ನು ಆ ಸಂಘದ ಮುಖಂಡರಿಗೆ ಒಂದು ಮಾತು. ನೀವು ಈ ಪೋಸ್ಟ್ ಓದ್ತೀರಿ, ಸ್ಕ್ರೀನ್‌ಶಾಟ್ ತೆಗೆದು ಮಾಲಕರಿಗೂ ಕಳಿಸ್ತೀರಿ. ಕಳಿಸ್ರಿ. ನಿಮ್ಮ ಐದು ಸಾವಿರ ನಿಮ್ಮ ಹತ್ರಾನೇ ಇರಲಿ. ನಾಲ್ಕು ವರ್ಷದ ವಂತಿಗೆ 4,800 ರೂಪಾಯಿ. ಅದರ ಮೇಲೆ ಇನ್ನೂರು ಹಾಕಿ ಒಬ್ಬ ದಲಿತ ಹುಡುಗನ ಬಾಯಿ ಕೊಳ್ಳೋಕೆ ನೋಡಿದ್ರಿ ಅಂತ ನಾವು ಬರೆದಿಟ್ಕೊಂಡೀವಿ.

ಮೊನ್ನೆ ಹುಡುಗ ನನ್ನ ಕೇಳಿದ: "ದೂರು ಕೊಟ್ರ ನಾಳೆ ನನಗ ಯಾರು ಪ್ಲಾಟ್ ತೋರಸಾಕ ಹೇಳ್ತಾರ ಅಣ್ಣಾ?" ನನ್ನ ಹತ್ರ ತಟ್ಟನೆ ಉತ್ತರ ಇರಲಿಲ್ಲ. ಅವನ ಅವ್ವ ಒಳಗಿಂದ ಬಂದು, "ಕೂಲಿಗೆ ಹೋದ್ರೂ ಉಣ್ತೀವಿ, ಬಗ್ಗಿ ಉಣ್ಣೂದು ಬ್ಯಾಡ" ಅಂದಳು. ಮುಚ್ಚಿಡಬೇಕು ಅಂತ ಅವನು ಹೆದರಿದ್ದು ಆ ಅವ್ವನಿಗೇ.

ನಾಳೆ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋಗ್ತೀವಿ. ದವಾಖಾನೆಯ ಎಂಎಲ್‌ಸಿ ಕಾಗದ ಐತಿ, ಫೋನಿನಲ್ಲಿ ಕರೆ ಬಂದ ದಾಖಲೆ ಐತಿ. ಬೇಕಾಗಿರೋದು ಅವನ ಹಿಂದೆ ನಿಲ್ಲೋ ಮಂದಿ. ಬರೋರು ಇನ್‌ಬಾಕ್ಸಿಗೆ "ಬರ್ತೀನಿ" ಅಂತ ಒಂದು ಮಾತು ಹಾಕ್ರಿ, ಊರು, ಠಾಣೆ ಅಲ್ಲೇ ತಿಳಿಸ್ತೀನಿ. ಲೈಕ್ ಬ್ಯಾಡ, ನೀವು ಬರ್ರಿ.

ಜೈ ಭೀಮ್.