ಇಲ್ಲ, ಮಾರ್ತಾ ಇಲ್ಲ

(1/6)
ಹಿಂದಿನ ಪೋಸ್ಟಿನ ನೀಲಿ ಮಫ್ಲರ್‌ಗೆ ಬಂದ ಮೆಸೇಜು ಎರಡೇ ಥರ. ಒಂದು: "ಎಷ್ಟಕ್ಕೆ ಮಾರ್ತೀಯ? ಪೇಜ್ ಶುರು ಮಾಡು." ಇನ್ನೊಂದು: "ಇಷ್ಟೊಂದು ಟೈಮ್ ಎಲ್ಲಿಂದ ಸಿಗುತ್ತೆ ಮಾರಾಯ್ತಿ, ಟೈಮ್‌ಪಾಸಾ?" ಪ್ರೀತಿಯಿಂದಲೇ ಕೇಳಿದ್ದೀರಿ, ಗೊತ್ತು. ಆದ್ರೂ ಎರಡರ ಮೇಲೂ ನನಗೆ ತಕರಾರಿದೆ. ಗಲ್ಲಿಯಲ್ಲಿ ಕ್ರಿಕೆಟ್ ಆಡೋ ಹುಡುಗನಿಗೆ "ಟಿಕೆಟ್ ಎಷ್ಟು?" ಅಂತ ಯಾರೂ ಕೇಳಲ್ಲ. ಸಂಜೆ ಕೂತು ಹೆಣೆಯೋ ಹುಡುಗಿ ಮಾತ್ರ ಲೆಕ್ಕ ಒಪ್ಪಿಸಬೇಕು.

(2/6)
ಮೊದಲು ಸುಖದ ಮಾತು. ಕರೆಂಟ್ ಹೋಗಿದೆ, ಹೊರಗೆ ಜಡಿಮಳೆ. ಲೋಟದಲ್ಲಿ ಕಾಫಿ, ತೊಡೆ ಮೇಲೆ ಉಲ್ಲನ್ ಉಂಡೆ. ಒಂದು ಸೀದಾ, ಒಂದು ಉಲ್ಟಾ. ಎರಡು ಕೈಗೂ ಕೆಲಸ ಇರೋದ್ರಿಂದ ಫೋನ್ ಮುಟ್ಟೋಕೆ ಆಗಲ್ಲ. ಅಜ್ಜಿ ಹೇಳೋ ಊರಿನ ಸುದ್ದಿ ಪೂರ್ತಿ ಕಿವಿಗೆ ಬೀಳುತ್ತೆ. ಕಾಫಿ ಮುಗಿಯೋ ಹೊತ್ತಿಗೆ ನಾಲ್ಕು ಸಾಲು ಬೆಳೆದಿರುತ್ತೆ. ಅದಕ್ಕೆ ಯಾರೂ ಮಾರ್ಕ್ಸ್ ಹಾಕಲ್ಲ. ದಿನದಲ್ಲಿ ಅಂಥ ಅರ್ಧ ಗಂಟೆಯೂ ಇಲ್ಲದಿದ್ರೆ, "ಟೈಮ್ ಎಲ್ಲಿಂದ" ಅನ್ನೋ ಪ್ರಶ್ನೆಯನ್ನ ನಮಗೆ ನಾವೇ ಕೇಳಿಕೊಳ್ಳಬೇಕು.

(3/6)
ಈಗ ಲೆಕ್ಕ. ಮಫ್ಲರಿನ ಅಗಲಕ್ಕೆ 40 ಕುಣಿಕೆ, ಉದ್ದಕ್ಕೆ 300 ಸಾಲು. ಒಟ್ಟು 12,000 ಕುಣಿಕೆ. ನಿಮಿಷಕ್ಕೆ 20 ಅಂದ್ರೂ 10 ಗಂಟೆ. ಗಂಟೆಗೆ ಬರೀ 100 ರೂಪಾಯಿ ಹಿಡಿದರೂ ಕೂಲಿಯೇ 1,000, ಉಲ್ಲನ್ ದುಡ್ಡು ಬೇರೆ. ಕೊಡ್ತೀರಾ? "ಅಯ್ಯೋ, ಅಂಗಡೀಲಿ 300ಕ್ಕೆ ಸಿಗುತ್ತೆ" ಅಂತೀರಿ. ಸಿಗುತ್ತೆ, ಅದನ್ನ ಮಷೀನ್ ಹೆಣೆದಿರುತ್ತೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಹೆಣಿಗೆ ಯಂತ್ರ ಮಾಡಿದ. ಆದರೆ ಒಂದೇ ಕೊಕ್ಕೆ ಕಡ್ಡಿಯಲ್ಲಿ ಹಾಕೋ ಕ್ರೋಷಾ ಬೇರೆ. ಅದನ್ನ ಕಾರ್ಖಾನೆಯಲ್ಲಿ ಹಾಕೋ ಮಷೀನ್ ಇನ್ನೂ ಬಳಕೆಗೆ ಬಂದಿಲ್ಲ. ನೀವು ಕೊಂಡ ಅಗ್ಗದ ಟಾಪ್ ನಿಜವಾಗಿ ಕ್ರೋಷಾ ಆಗಿದ್ರೆ, ಅದರ ಒಂದೊಂದು ಕುಣಿಕೆಯೂ ಯಾರದೋ ಬೆರಳು ಹಾಕಿದ್ದು. ಅವರಿಗೆ ಎಷ್ಟು ಸಿಕ್ಕಿರಬಹುದು?

(4/6)
ಸಿಗದವರ ಕಥೆಯೊಂದಿದೆ. ಆಂಧ್ರದ ಗೋದಾವರಿ ಸೀಮೆಯ ನರಸಾಪುರ. ಅಲ್ಲಿನ ಹೆಂಗಸರು ಮನೆಯಲ್ಲೇ ಕೂತು ಹಾಕಿದ ಕ್ರೋಷಾ ಲೇಸು ವಿದೇಶಕ್ಕೆ ಹೋಗ್ತಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ತಂದರು. ಗಂಟೆಗಟ್ಟಲೆ ದುಡಿಯೋ ಆ ಹೆಂಗಸರನ್ನ ಯಾರೂ ಕೆಲಸಗಾರರು ಅಂತ ಎಣಿಸಲಿಲ್ಲ ಅನ್ನೋದನ್ನ ಅದರಲ್ಲಿ ತೋರಿಸಿದರು. ಅವರು ಬರೀ ಗೃಹಿಣಿಯರು, ಅವರ ಲೇಸು ಬಿಡುವಿನ ಕೆಲಸ. ಬಿಡುವಿನ ಕೆಲಸ ಅಂದಮೇಲೆ ಕೂಲಿ ಯಾಕೆ ಜಾಸ್ತಿ ಕೊಡಬೇಕು? ವ್ಯಾಪಾರಿಗಳು ಬೆಳೆದರು, ಲೇಸು ಹಾಕಿದವಳು ಇದ್ದಲ್ಲೇ ಉಳಿದಳು. "ಟೈಮ್‌ಪಾಸ್" ಅನ್ನೋ ಪದ ಅಷ್ಟು ಸಾಧು ಅಲ್ಲ ಕಣ್ರೋ.

(5/6)
ಆ ಪದ ಯಾರಿಗೆ ಅಂಟುತ್ತೆ ಅನ್ನೋದನ್ನೂ ನೋಡಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಡೈವಿಂಗ್ ಚಿನ್ನ ಗೆದ್ದ ಟಾಮ್ ಡೇಲಿ ಗ್ಯಾಲರಿಯಲ್ಲಿ ಕೂತು ಹೆಣೀತಿದ್ದ. ಫೋಟೋ ಎಲ್ಲ ಕಡೆ ಓಡಾಡಿತು, ಎಲ್ಲರೂ ಮೆಚ್ಚಿದರು. ಮೆಚ್ಚಲಿ, ಬೇಡ ಅನ್ನಲ್ಲ. ಆದರೆ ಅದೇ ಕಡ್ಡಿ ಹಿಡಿದು ಜಗಲಿಯಲ್ಲಿ ಕೂತ ಚಿಕ್ಕಮ್ಮನಿಗೆ "ಬೇರೆ ಕೆಲಸ ಇಲ್ವಾ?"

"ಹಾಗಾದ್ರೆ ಮಾರೋದು ತಪ್ಪಾ?" ಖಂಡಿತ ಅಲ್ಲ. ಮಾರೋರು ಪೂರ್ತಿ ಕೂಲಿ ಕೇಳಲಿ, ನಾವು ಚೌಕಾಸಿ ಮಾಡದೆ ಕೊಡೋಣ. ಮಾರದೇ ಇರೋರು ಸುಮ್ನೆ ಹೆಣೀಲಿ, ಅವರನ್ನ ಬಿಟ್ಟುಬಿಡೋಣ. ಸಂಪಾದನೆಯೋ ಸಂತೋಷವೋ ಅಂತ ತೀರ್ಮಾನ ಮಾಡಬೇಕಾದ್ದು ಕಡ್ಡಿ ಹಿಡಿದವರು. ನೋಡ್ತಾ ನಿಂತವರಲ್ಲ.

(6/6)
ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೇಲಿ ಕುಲಾವಿನೋ, ಸ್ವೆಟರೋ, ಟಿವಿ ಮೇಲಿನ ಕ್ರೋಷಾ ಬಟ್ಟೆನೋ ಹಾಕಿದವರು ಇದ್ದೇ ಇರ್ತಾರೆ. "ಇದಕ್ಕೆ ಎಷ್ಟು ದಿನ ಹಿಡೀತು?" ಅಂತ ಅವರನ್ನ ಕೇಳಿ. ಎಷ್ಟು ವರ್ಷದಿಂದ ಆ ಪ್ರಶ್ನೆಗೆ ಕಾದಿದ್ರೋ ಯಾರಿಗೆ ಗೊತ್ತು. ಅವರು ಹೇಳಿದ್ದನ್ನ ಕಾಮೆಂಟಲ್ಲಿ ಬರೀರಿ, ಹುಡುಗರೂ ಬರೀರಿ. ಕಲೀಬೇಕು ಅನ್ನಿಸಿದ್ರೆ ಶನಿವಾರ ಕ್ಲಾಸ್ ಮುಗಿಸಿ ಬನ್ನಿ. ನನ್ನ ಹತ್ರ ಇನ್ನೂ ಎರಡು ಜೊತೆ ಕಡ್ಡಿ ಇದೆ.

#ಹೆಣಿಗೆ #ಕ್ರೋಷಾ #ಟೈಮ್‌ಪಾಸ್_ಅಲ್ಲ